ವ್ಯಾಕ್ಯೂಮ್ ಕ್ಲೀನರ್ ಎಳೆಯುತ್ತಿಲ್ಲವೇ? ಮೋಟರ್ ಬಿಚ್ಚುವ ಮೊದಲು ಗಾಳಿಯ ದಾರಿ ನೋಡಿ

ಸ್ವಿಚ್ ಹಾಕಿದರೆ ಶಬ್ದ ಜೋರಾಗೇ ಬರುತ್ತದೆ. ಆದರೆ ನೆಲದ ಮೇಲಿನ ಧೂಳು ಅಲ್ಲಾಡುವುದಿಲ್ಲ. ಒಂದೇ ಜಾಗದ ಮೇಲೆ ನಾಲ್ಕು ಸಲ ಬ್ರಷ್ ಎಳೆದರೂ ಕೂದಲು, ಕಸ ಇದ್ದಲ್ಲೇ ಇರುತ್ತದೆ. ಈ ಹೊತ್ತಿಗೆ ಬಹಳ ಜನ ಮೋಟರ್ ಹೋಯ್ತು ಅಂತ ಹೊಸ ಯಂತ್ರ ಹುಡುಕಲು ಶುರು ಮಾಡುತ್ತಾರೆ, ಇಲ್ಲಾ ಸ್ಕ್ರೂಡ್ರೈವರ್ ಹಿಡಿದು ಬಿಚ್ಚಲು ಕೂರುತ್ತಾರೆ. ದಯವಿಟ್ಟು ಎರಡೂ ಬೇಡ. ಮೋಟರ್ ಚೆನ್ನಾಗಿ ತಿರುಗುತ್ತಿದ್ದರೆ ತೊಂದರೆ ಇರುವುದು ಹೆಚ್ಚಾಗಿ ಗಾಳಿ ಹೋಗುವ ದಾರಿಯಲ್ಲಿ. ಆ ದಾರಿಯನ್ನು ಪರೀಕ್ಷೆ ಮಾಡಲು ಬೇಕಾಗಿರುವುದು ನಿಮ್ಮ ಅಂಗೈ, ಕಿವಿ, ಮತ್ತೆ ಒಂದು ಟಾರ್ಚ್.

ಮೊದಲು ಇದು ಕೆಲಸ ಮಾಡುವ ರೀತಿ ಸ್ವಲ್ಪ ತಿಳಿದಿರಲಿ, ಆಮೇಲೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಮೋಟರ್ ಒಳಗಿನ ಒಂದು ಫ್ಯಾನನ್ನು ಬಹಳ ವೇಗವಾಗಿ ತಿರುಗಿಸುತ್ತದೆ. ಫ್ಯಾನ್ ಗಾಳಿಯನ್ನು ಹಿಂದಕ್ಕೆ ತಳ್ಳುತ್ತದೆ, ಅದರ ಮುಂದೆ ಒತ್ತಡ ಕಡಿಮೆಯಾಗುತ್ತದೆ, ಆ ಜಾಗಕ್ಕೆ ಹೊರಗಿನ ಗಾಳಿ ನುಗ್ಗುತ್ತದೆ, ನುಗ್ಗುವಾಗ ಧೂಳನ್ನೂ ಹೊತ್ತು ತರುತ್ತದೆ. ಅಂದರೆ ಧೂಳನ್ನು ತರುವುದು ಹರಿಯುವ ಗಾಳಿ. ಸಮುದ್ರ ಮಟ್ಟದಲ್ಲಿ ನಮ್ಮ ಸುತ್ತಲಿನ ಗಾಳಿಯ ಒತ್ತಡ ಸುಮಾರು 101 ಕಿಲೋಪ್ಯಾಸ್ಕಲ್. ವೈರ್ ಇರುವ ಮನೆಬಳಕೆಯ ಯಂತ್ರ, ಬಾಯಿ ಪೂರ್ತಿ ಮುಚ್ಚಿದಾಗ, ಅದನ್ನು 20 ಕಿಲೋಪ್ಯಾಸ್ಕಲ್‌ನಷ್ಟು ಇಳಿಸಿದರೆ ಒಳ್ಳೆಯ ಎಳೆತ ಅಂತಲೇ ಲೆಕ್ಕ. ಐದರಲ್ಲಿ ಒಂದು ಪಾಲು ಅಷ್ಟೆ! ಇಷ್ಟು ಸಣ್ಣ ವ್ಯತ್ಯಾಸದ ಮೇಲೆ ಇಡೀ ಕೆಲಸ ನಿಂತಿದೆ. ಹಾಗಾಗಿ ಒಂದು ಸಣ್ಣ ಅಡ್ಡಿ, ಒಂದು ಸಣ್ಣ ಬಿರುಕು ಕೂಡ ಎದ್ದು ಕಾಣುತ್ತದೆ.

ಎಳೆತ ಕಡಿಮೆಯಾಗಲು ಇರುವುದು ಮೂರೇ ದಾರಿ. ಎಲ್ಲೋ ಕಟ್ಟಿಕೊಂಡಿದೆ, ಅಥವಾ ಎಲ್ಲೋ ಅಡ್ಡದಾರಿಯಿಂದ ಗಾಳಿ ಒಳಗೆ ಬರುತ್ತಿದೆ, ಅಥವಾ ಫ್ಯಾನ್ ನಿಧಾನವಾಗಿದೆ. ಈ ಮೂರರಲ್ಲಿ ಯಾವುದು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಅಂಗೈ ಪರೀಕ್ಷೆ

ನೆಲದ ಬ್ರಷ್ ತೆಗೆದುಬಿಡಿ. ಪವರ್ ಗುಂಡಿ ಪೂರ್ತಿ ಇರಲಿ. ಯಂತ್ರ ಹಾಕಿ ಮೊದಲು ಸುಮ್ನೆ ಶಬ್ದ ಕೇಳಿ. ಆಮೇಲೆ ಪೈಪಿನ ತುದಿಯನ್ನು ಅಂಗೈಯಿಂದ ಪೂರ್ತಿ ಮುಚ್ಚಿ, ಎರಡು ಮೂರು ಸೆಕೆಂಡು ಸಾಕು. ಎಳೆತ ಎಷ್ಟಿದೆ, ಶಬ್ದ ಬದಲಾಯಿತಾ, ಎರಡನ್ನೂ ಗಮನಿಸಿ.

ಪೈಪಿನ ತುದಿ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಶಬ್ದ ದಪ್ಪ ದನಿಯಿಂದ ಕೀರಲು ದನಿಗೆ ಏರಿದರೆ ಯಂತ್ರವೂ ಪೈಪೂ ಸರಿಯಾಗಿವೆ, ತೊಂದರೆ ಬ್ರಷ್‌ನಲ್ಲಿದೆ. ಕೈ ಇಡುವ ಮೊದಲೇ ಶಬ್ದ ಕೀರಲಾಗಿದ್ದು, ಕೈ ಇಟ್ಟರೂ ಅದು ಬದಲಾಗದಿದ್ದರೆ ದಾರಿ ಎಲ್ಲೋ ಕಟ್ಟಿದೆ. ಶಬ್ದ ಮಾಮೂಲಿಯಾಗಿದ್ದು, ಕೈ ಇಟ್ಟರೂ ಹಾಗೇ ಇದ್ದು, ಎಳೆತವೂ ಸಪ್ಪೆಯಾಗಿದ್ದರೆ ಗಾಳಿ ಬೇರೆ ಕಡೆಯಿಂದ ಬರುತ್ತಿದೆ. ಮೊದಲಿನಿಂದಲೇ ಶಬ್ದ ಮಂಕಾಗಿದ್ದರೆ, ಮುಂಚೆ ಇದ್ದ ಜೋರೇ ಇಲ್ಲ ಅನ್ನಿಸಿದರೆ, ಆಗ ಮಾತ್ರ ಕರೆಂಟ್ ಅಥವಾ ಮೋಟರ್ ಕಡೆ ನೋಡಬೇಕು.

ಕಟ್ಟಿದಾಗ ಶಬ್ದ ಏರುವುದು ಯಾಕೆ ಅಂತ ಕೇಳುವವರಿದ್ದಾರೆ. ಮೋಟರಿಗೆ ಕಷ್ಟವಾಗಿ ಕಿರುಚುತ್ತಿದೆ ಅಂತ ನಾನೂ ಬಹಳ ದಿನ ಅಂದುಕೊಂಡಿದ್ದೆ. ವಿಷಯ ಉಲ್ಟಾ. ಗಾಳಿ ಬರದಿದ್ದಾಗ ಫ್ಯಾನಿಗೆ ತಳ್ಳಲು ಏನೂ ಇರುವುದಿಲ್ಲ, ಹೊರೆ ಕಡಿಮೆಯಾಗಿ ಅದು ಇನ್ನೂ ವೇಗವಾಗಿ ತಿರುಗುತ್ತದೆ. ಆದರೆ ಬಹಳ ಯಂತ್ರಗಳಲ್ಲಿ ಮೋಟರನ್ನು ತಣ್ಣಗಿಡುವುದೂ ಅದೇ ಗಾಳಿ. ಹಾಗಾಗಿ ಕಟ್ಟಿಕೊಂಡ ಯಂತ್ರವನ್ನು ಸುಮ್ನೆ ಓಡಿಸುತ್ತಾ ಹೋದರೆ ಮೋಟರ್ ಬಿಸಿಯಾಗುತ್ತದೆ. ಎಳೆತ ಕಡಿಮೆಯಾಗಿ, ಸ್ವಲ್ಪ ಹೊತ್ತಿಗೆ ಯಂತ್ರ ತಾನಾಗಿ ನಿಂತು, ಅರ್ಧ ಗಂಟೆ ಒಂದು ಗಂಟೆ ಬಿಟ್ಟು ಮತ್ತೆ ಶುರುವಾದರೆ ಅದು ಬಿಸಿ ತಡೆಯುವ ಸ್ವಿಚ್ ಮಾಡಿದ ಕೆಲಸ. ಒಳಗೆ ಎಲ್ಲೋ ಅಡ್ಡಿ ಇದೆ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಸೂಚನೆ ಬೇಕಿಲ್ಲ. ತಣ್ಣಗಾದ ಮೇಲೆ ಮತ್ತೆ ಹಾಕಿ ಕೆಲಸ ಮುಂದುವರಿಸಬೇಡಿ, ಮೊದಲು ಅಡ್ಡಿ ಹುಡುಕಿ.

ಈಗ ದಾರಿಯನ್ನು ಎರಡು ಭಾಗ ಮಾಡಿ. ಪೈಪನ್ನು ಯಂತ್ರದಿಂದ ಕಳಚಿ, ಯಂತ್ರದ ಬಾಯಿಗೇ ಅಂಗೈ ಇಡಿ. ಅಲ್ಲಿ ಎಳೆತ ಜೋರಾಗಿದ್ದು ಪೈಪಿನ ತುದಿಯಲ್ಲಿ ಇಲ್ಲ ಅಂದರೆ ತೊಂದರೆ ಪೈಪಿನಲ್ಲಿ. ಯಂತ್ರದ ಬಾಯಲ್ಲೇ ಎಳೆತ ಇಲ್ಲ ಅಂದರೆ ಬ್ಯಾಗ್, ಡಬ್ಬಿ, ಫಿಲ್ಟರ್, ಆಮೇಲೆ ಕೊನೆಗೆ ಮೋಟರ್. ಒಂದು ನಿಮಿಷದ ಕೆಲಸ ಇದು. ಇದನ್ನು ಬಿಟ್ಟು ಕಂಡಕಂಡ ಭಾಗ ಬಿಚ್ಚುವವರನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ, ಯಾಕೆಂದರೆ ಮುರಿಯುವುದು ಯಾವಾಗಲೂ ಸರಿಯಿದ್ದ ಪ್ಲಾಸ್ಟಿಕ್ ಕೊಂಡಿಯೇ.

ಪರೀಕ್ಷೆ ಮುಗಿದ ಮೇಲೆ, ಯಾವುದನ್ನೇ ಬಿಚ್ಚುವ ಮೊದಲು, ಪ್ಲಗ್ ಕಿತ್ತುಬಿಡಿ. ಬ್ಯಾಟರಿಯದ್ದಾದರೆ ಬ್ಯಾಟರಿ ತೆಗೆಯಿರಿ, ತೆಗೆಯಲು ಬರದ ಮಾದರಿಯಾದರೆ ಪವರ್ ಸ್ವಿಚ್ ಆಫ್ ಮಾಡಿ. ಬ್ರಷ್ ಒಳಗೆ ಬೆರಳು ಇದ್ದಾಗ ರೋಲರ್ ತಿರುಗುವುದು ಬೇಡ.

ಪೈಪಿನಲ್ಲಿ ತೊಂದರೆ ಇದ್ದರೆ

ಹಿಡಿಯ ಹತ್ತಿರ ಒಂದು ಸಣ್ಣ ಜಾರುವ ಕಿಟಕಿ ಇರುತ್ತದೆ, ನೋಡಿದ್ದೀರಾ? ಪರದೆ, ತೆಳು ಬಟ್ಟೆ ಕ್ಲೀನ್ ಮಾಡುವಾಗ ಎಳೆತ ಕಡಿಮೆ ಮಾಡಲು ಅದನ್ನು ತೆರೆಯುತ್ತಾರೆ. ಕೈ ತಾಗಿ ಅದು ತೆರೆದುಕೊಂಡಿರುವುದು ತುಂಬಾ ಸಾಮಾನ್ಯ. ಮುಚ್ಚಿ ನೋಡಿ. ಎಷ್ಟೋ ಮನೆಗಳಲ್ಲಿ ರಿಪೇರಿ ಇಲ್ಲಿಗೇ ಮುಗಿಯುತ್ತದೆ.

ಅದು ಮುಚ್ಚಿಯೇ ಇದ್ದರೆ ಗಟ್ಟಿ ಪೈಪನ್ನು ಬಳುಕುವ ಪೈಪಿನಿಂದ ಬೇರೆ ಮಾಡಿ. ಗಟ್ಟಿ ಪೈಪಿನ ಒಂದು ತುದಿಗೆ ಟಾರ್ಚ್ ಹಿಡಿದು ಇನ್ನೊಂದು ತುದಿಯಿಂದ ನೋಡಿದರೆ ಎಲ್ಲ ಕಾಣುತ್ತದೆ. ಬಳುಕುವ ಪೈಪನ್ನು ನೆಟ್ಟಗೆ ತೂಗುಹಾಕಿ ಮೇಲಿನಿಂದ ಒಂದು ಗೋಲಿ ಬಿಡಿ, ಕೆಳಗೆ ಬಂತು ಅಂದರೆ ಪೈಪ್ ಸರಿ, ಅಂತ ಎಲ್ಲರೂ ಹೇಳುತ್ತಾರೆ. ಈ ಮಾತನ್ನು ಪೂರ್ತಿ ನಂಬಬೇಡಿ. ನನ್ನ ಅನುಭವ ಹೇಳುತ್ತೇನೆ. ನಮ್ಮ ಯಂತ್ರದಲ್ಲಿ ಎಳೆತ ದಿನದಿನಕ್ಕೂ ಕಡಿಮೆಯಾಗುತ್ತಾ ಬಂದಿತ್ತು. ಫಿಲ್ಟರ್ ತೊಳೆದೆ, ಡಬ್ಬಿ ತೊಳೆದೆ, ಗೋಲಿ ಬಿಟ್ಟೆ, ಅದು ಸಲೀಸಾಗಿ ಕೆಳಗೆ ಬಂತು. ಪೈಪ್ ಸರಿಯಾಗಿದೆ ಅಂತ ತಿಳಿದು ರಿಪೇರಿಗೆ ಒಯ್ದರೆ ಅಲ್ಲಿ ಮೋಟರ್ ಬದಲಿಸಬೇಕು ಅಂದರು. ಮನಸ್ಸು ಒಪ್ಪದೆ ವಾಪಸ್ ತಂದು ಅಂಗೈ ಪರೀಕ್ಷೆ ಮಾಡಿದರೆ ಯಂತ್ರದ ಬಾಯಲ್ಲಿ ಎಳೆತ ಜೋರಾಗೇ ಇತ್ತು. ಆಮೇಲೆ ಸಿಕ್ಕಿತು: ಹಿಡಿಯ ಹತ್ತಿರದ ಬೆಂಡ್‌ನಲ್ಲಿ ಒಂದು ಹೇರ್‌ಪಿನ್ ಅಡ್ಡಡ್ಡ ಸಿಕ್ಕಿಕೊಂಡಿತ್ತು, ಅದಕ್ಕೆ ಕೂದಲು ಸುತ್ತಿ, ಕೂದಲಿಗೆ ಧೂಳು ಹಿಡಿದು, ದಾರಿಯ ದೊಡ್ಡ ಪಾಲು ಮುಚ್ಚಿತ್ತು. ಉಳಿದ ಸಂದಿಯಲ್ಲಿ ಗೋಲಿ ಆರಾಮಾಗಿ ಇಳಿದಿತ್ತು. ಪೈಪಿನ ಒಳ ಅಗಲ ಮಾಮೂಲಿಯಾಗಿ 32ರಿಂದ 35 ಮಿಲಿಮೀಟರ್ ಇರುತ್ತದೆ, ಗೋಲಿ ಅದರ ಅರ್ಧ. ಗೋಲಿ ಇಳಿದರೆ ಪೂರ್ತಿ ಕಟ್ಟಿಲ್ಲ ಅಂತ ಮಾತ್ರ ಅರ್ಥ.

ಅದಕ್ಕೇ ಈಗ ನಾನು ಬೇರೆ ಥರ ಮಾಡುತ್ತೇನೆ. ಒಂದು ಗಟ್ಟಿ ದಾರಕ್ಕೆ ಭಾರವಾದ ನಟ್ ಕಟ್ಟಿ ಪೈಪಿನೊಳಗೆ ಇಳಿಬಿಡುತ್ತೇನೆ. ಅದು ಆಚೆ ತುದಿಯಿಂದ ಹೊರಬಂದ ಮೇಲೆ, ಈ ತುದಿಯಲ್ಲಿ ಪೈಪಿನ ಅಗಲಕ್ಕೆ ಸರಿಯಾಗಿ ಕೂರುವ ಬಟ್ಟೆಯ ಉಂಡೆ ಕಟ್ಟಿ ನಿಧಾನವಾಗಿ ಎಳೆಯುತ್ತೇನೆ. ಎಲ್ಲಿ ತಡೆಯುತ್ತದೋ ಅಲ್ಲೇ ಅಡ್ಡಿ. ಉಂಡೆಯ ಹಿಂದೆಯೂ ಒಂದು ದಾರ ಕಟ್ಟಿರಿ, ಸಿಕ್ಕಿಕೊಂಡರೆ ವಾಪಸ್ ಎಳೆಯಬಹುದು. ಅಡ್ಡಿ ಗಟ್ಟಿಯಾಗಿದ್ದರೆ ಪೊರಕೆ ಕೋಲಿನ ಮೊಂಡು ತುದಿಯಿಂದ, ಕಸ ಬಂದ ಕಡೆಗೇ ವಾಪಸ್ ತಳ್ಳಿ. ಮುಂದಕ್ಕೆ ತಳ್ಳಿದರೆ ಇನ್ನೂ ಬಿಗಿಯುತ್ತದೆ. ಚೂಪಾದ ತಂತಿ ಮಾತ್ರ ಹಾಕಲೇಬೇಡಿ. ಪೈಪಿನ ಗೋಡೆ ಬಹಳ ತೆಳು, ತೂತಾದರೆ ಕಟ್ಟಿದ ಪೈಪಿನ ಬದಲು ಸೋರುವ ಪೈಪ್ ಕೈಗೆ ಬರುತ್ತದೆ. ಪೈಪನ್ನು ತಿರುಗಿಸಿ, ಹಿಡಿಯ ಕಡೆಯನ್ನು ಯಂತ್ರದ ಬಾಯಿಗೆ ಕೈಯಿಂದ ಒತ್ತಿ ಹಿಡಿದು ಯಂತ್ರ ಹಾಕಿದರೂ ಕೆಲವು ಸಲ ಅಡ್ಡಿ ಬಂದ ದಾರಿಯಲ್ಲೇ ಹೊರಗೆ ಬರುತ್ತದೆ.

ಸೋರುವಿಕೆಯಾದರೆ ಮೊದಲು ಪೈಪಿನ ಎರಡೂ ತುದಿ ನೋಡಿ, ಯಾಕೆಂದರೆ ಜಾಸ್ತಿ ಬಾಗುವುದು ಅಲ್ಲೇ. ಸುಮ್ನೆ ಬಿದ್ದಿದ್ದಾಗ ಬಿರುಕು ಮುಚ್ಚಿಕೊಂಡಿರುತ್ತದೆ, ಬಗ್ಗಿಸಿ ಎಳೆದು ನೋಡಿದರೆ ಬಾಯಿ ಬಿಡುತ್ತದೆ. ಯಂತ್ರ ಹಾಕಿಕೊಂಡು, ತುದಿಯನ್ನು ಅಂಗೈಯಿಂದ ಮುಚ್ಚಿ, ಇನ್ನೊಬ್ಬರಿಗೆ ಪೈಪಿನ ಉದ್ದಕ್ಕೂ ಟಿಶ್ಯೂ ಕಾಗದದ ಸಣ್ಣ ಪಟ್ಟಿ ಹಿಡಿದುಕೊಂಡು ಹೋಗಲು ಹೇಳಿ. ಸೋರುವ ಜಾಗದಲ್ಲಿ ಕಾಗದ ಒಳಕ್ಕೆ ಅಂಟುತ್ತದೆ. ಬಿರುಕು ತುದಿಯ ಹತ್ತಿರವೇ ಇದ್ದರೆ ಬಹಳ ಪೈಪುಗಳಲ್ಲಿ ಅಷ್ಟು ತುಂಡು ಕತ್ತರಿಸಿ ತುದಿಯ ಜೋಡಣೆಯನ್ನು ಮತ್ತೆ ತಿರುಗಿಸಿ ಹಾಕಬಹುದು. ಆದರೆ ಪೈಪಿನೊಳಗೆ ಕರೆಂಟ್ ವೈರ್ ಹೋಗುವ ಮಾದರಿಗಳಿವೆ. ಅವುಗಳನ್ನು ಕತ್ತರಿಸಬೇಡಿ. ಟೇಪ್ ಸುತ್ತಿದರೆ ಕೆಲವು ದಿನ ನಡೆಯುತ್ತದೆ, ಆಮೇಲೆ ಬಿಟ್ಟುಕೊಳ್ಳುತ್ತದೆ.

ಯಂತ್ರದ ಬಾಯಲ್ಲೇ ಎಳೆತ ಇಲ್ಲದಿದ್ದರೆ

ಇಲ್ಲಿ ಮೊದಲ ಅನುಮಾನ ಫಿಲ್ಟರ್ ಮೇಲೆ. ಅದರ ಕೆಲಸವೇನು ಅಂತ ಒಂದು ಹಳೆಯ ಕಥೆಯಿಂದ ಚೆನ್ನಾಗಿ ಗೊತ್ತಾಗುತ್ತದೆ. 1901ರಲ್ಲಿ ಇಂಗ್ಲೆಂಡಿನಲ್ಲಿ ವ್ಯಾಕ್ಯೂಮ್ ಕ್ಲೀನರ್‌ಗೆ ಪೇಟೆಂಟ್ ಪಡೆದ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್, ಧೂಳನ್ನು ಊದುವ ಬದಲು ಹೀರಬಹುದಾ ಅಂತ ನೋಡಲು ಕುರ್ಚಿಯ ಮೆತ್ತೆಯ ಮೇಲೆ ಕರವಸ್ತ್ರ ಇಟ್ಟು ಬಾಯಿಂದಲೇ ಹೀರಿ ನೋಡಿದ್ದರಂತೆ. ಬಟ್ಟೆಯ ಆ ಬದಿಗೆ ಧೂಳಿನ ಗುರುತು ಬಿದ್ದಿತ್ತು. ಗಾಳಿ ದಾಟಬೇಕು, ಧೂಳು ದಾಟಬಾರದು. ಇವತ್ತಿನ ಬ್ಯಾಗೂ ಫಿಲ್ಟರೂ ಮಾಡುವುದು ಆ ಕರವಸ್ತ್ರದ ಕೆಲಸವನ್ನೇ. ಧೂಳು ದಾಟದೆ ಅಲ್ಲೇ ನಿಂತಷ್ಟೂ ಗಾಳಿಗೆ ಜಾಗ ಕಡಿಮೆಯಾಗುತ್ತದೆ.

ಬ್ಯಾಗ್ ಇರುವ ಯಂತ್ರದಲ್ಲಿ, ಬ್ಯಾಗ್ ಇನ್ನೂ ಅರ್ಧ ತುಂಬಿಲ್ಲವಲ್ಲ ಅಂತ ಬಿಟ್ಟುಬಿಡುತ್ತಾರೆ. ಎಷ್ಟು ತುಂಬಿದೆ ಅನ್ನುವುದು ಅರ್ಧ ಕಥೆ ಅಷ್ಟೆ. ಗೋಡೆ ಕೆಲಸದ ಪುಡಿ, ಸಿಮೆಂಟ್, ಪೌಡರ್ ಥರದ ನುಣುಪು ಧೂಳು ಒಂದು ಹಿಡಿ ಹೋದರೂ ಸಾಕು, ಬ್ಯಾಗಿನ ಸೂಕ್ಷ್ಮ ರಂಧ್ರಗಳೆಲ್ಲ ಮುಚ್ಚಿಹೋಗುತ್ತವೆ. ಹೊರಗಿನಿಂದ ಬ್ಯಾಗ್ ಖಾಲಿಯಂತೆ ಕಾಣುತ್ತದೆ, ಒಳಗೆ ಗಾಳಿ ದಾಟುವುದಿಲ್ಲ. ಕಾಗದದ ಬ್ಯಾಗನ್ನು ಕೊಡವಿ ಮತ್ತೆ ಹಾಕಿದರೆ ಉಪಯೋಗವಿಲ್ಲ, ಬದಲಿಸಬೇಕು. ಇನ್ನೊಂದು ಮಾತು: ಬ್ಯಾಗ್ ತುಂಬಿದೆ ಅಂತ ತೋರಿಸುವ ಕೆಂಪು ಗುರುತು ಅಳೆಯುವುದು ಸಾಮಾನ್ಯವಾಗಿ ಗಾಳಿಯ ಒತ್ತಡವನ್ನು, ಕಸವನ್ನಲ್ಲ. ಪೈಪ್ ಕಟ್ಟಿದರೂ ಅದು ಕೆಂಪಾಗುತ್ತದೆ. ಹೊಸ ಬ್ಯಾಗ್ ಹಾಕಿದ ಮೇಲೂ ಕೆಂಪು ಹೋಗದಿದ್ದರೆ ಬ್ಯಾಗನ್ನು ಬೈಯಬೇಡಿ, ಪೈಪ್ ನೋಡಿ.

ಬ್ಯಾಗ್ ಇಲ್ಲದ, ಡಬ್ಬಿ ಇರುವ ಯಂತ್ರದಲ್ಲಿ ಗಾಳಿಯನ್ನು ಸುಳಿಯಂತೆ ತಿರುಗಿಸಿ ಧೂಳನ್ನು ಬದಿಗೆ ಎಸೆಯುತ್ತಾರೆ. ಡಬ್ಬಿಯ ನಡುವೆ ಸಣ್ಣ ತೂತುಗಳ ಜಾಲರಿ ಇರುತ್ತದೆ. ಡಬ್ಬಿ ಖಾಲಿ ಮಾಡುತ್ತೇವೆ, ಜಾಲರಿಯನ್ನು ಮರೆಯುತ್ತೇವೆ. ಕೂದಲು, ನೂಲು ಅದರ ಸುತ್ತ ಕಂಬಳಿ ಹೊದಿಸಿದ ಹಾಗೆ ಕೂತಿರುತ್ತದೆ. ಒಣ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಡಬ್ಬಿಯನ್ನು ಗೆರೆ ದಾಟಿ ತುಂಬಲು ಬಿಟ್ಟರೆ ಸುಳಿಗೆ ಜಾಗ ಸಾಲದೆ ಧೂಳೆಲ್ಲ ನೇರವಾಗಿ ಫಿಲ್ಟರಿಗೆ ಹೋಗುತ್ತದೆ.

ಫಿಲ್ಟರ್ ಮಾಮೂಲಿಯಾಗಿ ಒಂದಲ್ಲ, ಎರಡು. ಮೋಟರಿನ ಮುಂದೆ ಸ್ಪಂಜಿನದ್ದೋ ದಪ್ಪ ಬಟ್ಟೆಯದ್ದೋ ಒಂದು. ಗಾಳಿ ಹೊರಗೆ ಹೋಗುವ ಕಡೆ ಇನ್ನೊಂದು, ಬಹಳ ಸಲ ಹೆಪಾ ಫಿಲ್ಟರ್. ಈ ಎರಡನೆಯದನ್ನು ಕೊಂಡ ದಿನದಿಂದ ತೆಗೆದೇ ನೋಡದವರು ಬೇಕಾದಷ್ಟು ಜನ. ಗಾಳಿ ಹೊರಗೆ ಹೋಗದಿದ್ದರೆ ಒಳಗೆ ಬರುವುದೂ ಇಲ್ಲ ಅಲ್ವಾ? ಹೆಪಾ ಅಂದರೆ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇಕಡಾ 99.97ರಷ್ಟನ್ನು ಹಿಡಿಯಬೇಕು ಅನ್ನುವ ಮಟ್ಟದ ಫಿಲ್ಟರ್. ಅಷ್ಟು ಬಿಗಿಯಾದದ್ದು ತುಂಬಿಕೊಳ್ಳದೆ ಇರುತ್ತದಾ?

ಪರೀಕ್ಷೆ ಸುಲಭ. ಒಂದೊಂದೇ ಫಿಲ್ಟರ್ ತೆಗೆದು, ಐದು ಸೆಕೆಂಡು ಮಾತ್ರ ಯಂತ್ರ ಹಾಕಿ ಬಾಯಿಗೆ ಅಂಗೈ ಇಡಿ, ಕಸ ಹೀರಿಸಬೇಡಿ. ಫಿಲ್ಟರ್ ಇಲ್ಲದೆ ಯಂತ್ರವೇ ಶುರುವಾಗದ ಮಾದರಿಗಳೂ ಇವೆ, ಅಲ್ಲಿ ಇದನ್ನು ಬಿಡಿ. ಯಾವುದನ್ನು ತೆಗೆದಾಗ ಎಳೆತ ಥಟ್ಟನೆ ವಾಪಸ್ ಬಂತೋ ಅದೇ ಕಟ್ಟಿಕೊಂಡಿರುವುದು. ಆದರೆ ಫಿಲ್ಟರ್ ಇಲ್ಲದೆ ಚೆನ್ನಾಗಿ ಎಳೆಯುತ್ತದೆ ಅಂತ ಹಾಗೇ ಬಳಸಲು ಹೋಗಬೇಡಿ. ಧೂಳು ನೇರ ಫ್ಯಾನಿಗೂ ಬೇರಿಂಗಿಗೂ ಹೋಗಿ, ಆಮೇಲೆ ನಿಜವಾಗಿಯೂ ಮೋಟರ್ ರಿಪೇರಿ ಬರುತ್ತದೆ.

ತೊಳೆಯುವ ವಿಷಯದಲ್ಲಿ ಬಹಳ ತಪ್ಪುಗಳಾಗುತ್ತವೆ. ತೊಳೆಯಬಹುದು ಅಂತ ಫಿಲ್ಟರಿನ ಮೇಲೋ ಯಂತ್ರದ ಪುಸ್ತಕದಲ್ಲೋ ಬರೆದಿದ್ದರೆ ಮಾತ್ರ ತೊಳೆಯಿರಿ. ಮಡಿಕೆ ಮಡಿಕೆ ಕಾಗದದ ಫಿಲ್ಟರಿಗೆ ನೀರು ಬಿದ್ದರೆ ಅದರ ಕಥೆ ಮುಗಿಯಿತು. ತೊಳೆಯುವಂಥದ್ದಾದರೆ ತಣ್ಣೀರು ಸಾಕು, ಸೋಪು ಬೇಡ. ನೀರು ತಿಳಿಯಾಗುವ ತನಕ ಮೆತ್ತಗೆ ಹಿಂಡಿ, ಗಾಳಿಯಾಡುವ ಜಾಗದಲ್ಲಿ ಕಡಿಮೆ ಅಂದರೂ 24 ಗಂಟೆ ಒಣಗಿಸಿ. ಹೇರ್ ಡ್ರೈಯರ್ ಹಿಡಿಯಬೇಡಿ, ಸ್ಪಂಜು ಸೊಟ್ಟಗಾಗಿ ಅಂಚಿನಲ್ಲಿ ಸಂದಿ ಬಿಡುತ್ತದೆ. ಮೇಲೆ ಒಣಗಿದೆ ಅನ್ನಿಸಿದರೂ ದಪ್ಪ ಸ್ಪಂಜಿನ ಹೊಟ್ಟೆಯಲ್ಲಿ ನೀರು ಇರುತ್ತದೆ. ಹಸಿ ಫಿಲ್ಟರ್ ಹಾಕಿದರೆ ಧೂಳು ಅದಕ್ಕೆ ಕೆಸರಿನಂತೆ ಮೆತ್ತಿಕೊಳ್ಳುತ್ತದೆ, ವಾಸನೆ ಬರುತ್ತದೆ, ನೀರಿನ ಹನಿ ಮೋಟರಿಗೂ ಹೋಗುತ್ತದೆ. ಇನ್ನೊಂದು ಸೆಟ್ ಫಿಲ್ಟರ್ ತಂದಿಟ್ಟುಕೊಂಡರೆ ಈ ಅವಸರವೇ ಇರುವುದಿಲ್ಲ.

ಫಿಲ್ಟರ್ ಕ್ಲೀನ್ ಆಗಿದ್ದೂ ಎಳೆತ ಇಲ್ಲ, ಶಬ್ದವೂ ಏರುತ್ತಿಲ್ಲ ಅಂದರೆ ಡಬ್ಬಿಯ ಮುಚ್ಚಳದ ರಬ್ಬರ್ ನೋಡಿ. ಒಂದು ಕೂದಲಿನ ಎಳೆ, ಒಂದು ಮರಳಿನ ಕಾಳು ಅಲ್ಲಿ ಸಿಕ್ಕಿದರೂ ಗಾಳಿ ಒಳಗೆ ಬರುತ್ತದೆ. ಒದ್ದೆ ಬಟ್ಟೆಯಿಂದ ರಬ್ಬರನ್ನೂ ಅದು ಕೂರುವ ಸಂದಿಯನ್ನೂ ಒರೆಸಿ. ಸೀಳಿದ್ದರೆ, ಗಟ್ಟಿಯಾಗಿದ್ದರೆ ಬದಲಿಸಿ. ರಬ್ಬರಿನ ಸುತ್ತ ತೆಳುವಾದ ಧೂಳಿನ ಗೆರೆ ಕಂಡರೆ ಸೋರುತ್ತಿರುವ ಜಾಗ ಅದೇ.

ನೀರನ್ನೂ ಹೀರುವ ಡ್ರಮ್ ಥರದ ಯಂತ್ರ ಇದ್ದವರು ಇಷ್ಟು ಗಮನಿಸಿ. ಒಳಗೆ ಒಂದು ತೇಲುವ ಚೆಂಡು ಅಥವಾ ಬಿರಡೆ ಇರುತ್ತದೆ. ನೀರು ತುಂಬಿದಾಗ ಅದು ಮೇಲೆ ಬಂದು ಮೋಟರಿನ ದಾರಿ ಮುಚ್ಚುತ್ತದೆ. ಕೊಳೆ ಹಿಡಿದು ಅದು ಮೇಲೆಯೇ ಅಂಟಿಕೊಂಡರೆ ಎಳೆತ ಒಮ್ಮೆಲೇ ಸೊನ್ನೆ, ಶಬ್ದ ಒಮ್ಮೆಲೇ ಕೀರಲು. ಯಂತ್ರ ಬೀಳಿಸಿದ ಮೇಲೂ ಹೀಗಾಗುತ್ತದೆ. ಆಫ್ ಮಾಡಿ, ಮುಚ್ಚಳ ತೆಗೆದು ಚೆಂಡನ್ನು ಬಿಡಿಸಿದರೆ ಮುಗಿಯಿತು.

ಎಳೆತ ಇದೆ, ಕಸ ಮಾತ್ರ ಬರುತ್ತಿಲ್ಲ

ಬ್ರಷ್ ತಿರುಗಿಸಿ ನೋಡಿ. ತಿರುಗುವ ರೋಲರ್ ಇರುವುದಾದರೆ ಕೂದಲು ಸುತ್ತಿಕೊಂಡಿರುತ್ತದೆ, ರೋಲರಿನ ಉದ್ದಕ್ಕೆ ಕತ್ತರಿಯಿಂದ ಕತ್ತರಿಸಿ ಎಳೆಯಿರಿ. ಎರಡು ತುದಿಯ ಬೇರಿಂಗ್ ಹತ್ತಿರ ಸುತ್ತಿದ್ದು ಕಣ್ಣಿಗೆ ಕಾಣುವುದಿಲ್ಲ, ರೋಲರ್ ಹೊರತೆಗೆದೇ ನೋಡಬೇಕು. ಬೆಲ್ಟ್ ಇರುವ ಮಾದರಿಯಲ್ಲಿ ಬೆಲ್ಟ್ ಸಡಿಲವಾಗಿದ್ದರೆ, ಕಡಿದಿದ್ದರೆ ರೋಲರ್ ತಿರುಗುವುದಿಲ್ಲ. ಆಗ ಕಾರ್ಪೆಟ್ ಮೇಲೆ ಎಳೆತವೇ ಇಲ್ಲ ಅನ್ನಿಸುತ್ತದೆ, ಗಟ್ಟಿ ನೆಲದ ಮೇಲೆ ಪರವಾಗಿಲ್ಲ ಅನ್ನಿಸುತ್ತದೆ. ಬ್ರಷ್‌ನಿಂದ ಪೈಪಿಗೆ ಸೇರುವ ಬಾಗುವ ಕುತ್ತಿಗೆಯೂ ಕಸ ಸಿಕ್ಕಿಕೊಳ್ಳುವ ಜಾಗವೇ.

ಬ್ಯಾಟರಿ ಯಂತ್ರದಲ್ಲಿ ಮೇಲಿನದೆಲ್ಲ ಹಾಗೇ ಅನ್ವಯವಾಗುತ್ತದೆ, ಆದರೆ ಶಬ್ದ ನಂಬುವ ಹಾಗಿಲ್ಲ. ಕೆಲವು ಮಾದರಿಗಳು ದಾರಿ ಕಟ್ಟಿದಾಗ ಬಿಟ್ಟು ಬಿಟ್ಟು ಓಡುತ್ತವೆ, ಹೊತ್ತಿ ಹೊತ್ತಿ ಆರಿದ ಹಾಗೆ. ಬ್ಯಾಟರಿ ಕೆಟ್ಟಿದೆ ಅಂತ ತಿಳಿಯಬೇಡಿ, ಅದು ಅಡ್ಡಿಯ ಸೂಚನೆ ಇರಬಹುದು. ಪೂರ್ತಿ ಚಾರ್ಜ್ ಮಾಡಿದ ಮೊದಲ ಕೆಲವು ನಿಮಿಷ ಚೆನ್ನಾಗಿ ಎಳೆದು ಬೇಗ ಸೋತುಹೋದರೆ ಮಾತ್ರ ಬ್ಯಾಟರಿ ಹಳತಾಗಿದೆ.

ಮೋಟರ್ ಕೊನೆಗೆ

ಶಬ್ದವೇ ಮಂಕಾಗಿದ್ದರೆ ಮೊದಲು ಎಕ್ಸ್‌ಟೆನ್ಷನ್ ವೈರ್ ತೆಗೆದು ನೇರ ಗೋಡೆಯ ಪ್ಲಗ್ಗಿಗೆ ಹಾಕಿ ನೋಡಿ. ಉದ್ದನೆಯ ತೆಳು ವೈರಿನಲ್ಲಿ ವೋಲ್ಟೇಜ್ ಇಳಿದು ಫ್ಯಾನ್ ನಿಧಾನವಾಗುತ್ತದೆ, ವೈರ್ ಬಿಸಿಯಾಗುವ ಅಪಾಯವೂ ಇದೆ. ನೇರ ಹಾಕಿದರೂ ಹಾಗೇ ಇದ್ದು, ಗಾಳಿ ಹೋಗುವ ಜಾಗದಿಂದ ಸುಟ್ಟ ವಾಸನೆ ಬಂದರೆ, ಒಳಗೆ ಜಾಸ್ತಿ ಕಿಡಿ ಕಂಡರೆ, ಕಾರ್ಬನ್ ಬ್ರಷ್ (ಮೋಟರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಸಣ್ಣ ಕಾರ್ಬನ್ ತುಂಡು) ಸವೆದಿರಬಹುದು. ವೈರ್ ಇರುವ ಹೆಚ್ಚಿನ ಯಂತ್ರಗಳ ಮೋಟರಿನಲ್ಲಿ ಈ ಬ್ರಷ್ ಸವೆಯುವುದು ಸಹಜ, ಬದಲಿಸಲೂ ಬಹಳ ಸಲ ಸಾಧ್ಯ. ಕರಕರ ಅಂತ ಉಜ್ಜುವ ಶಬ್ದ ಬಂದರೆ ಬೇರಿಂಗ್. ಒಣ ಯಂತ್ರದಲ್ಲಿ ಯಾವಾಗಲಾದರೂ ನೀರು ಹೀರಿಸಿದ್ದರೆ ಅದನ್ನು ರಿಪೇರಿಯವರಿಗೆ ಮುಚ್ಚಿಡದೆ ಹೇಳಿ, ಒದ್ದೆ ಧೂಳು ಫ್ಯಾನಿನ ಎಲೆಗಳಿಗೆ ಮೆತ್ತಿ ಗಟ್ಟಿಯಾಗಿರುತ್ತದೆ.

ರಿಪೇರಿಗೆ ಕೊಡುವಾಗ "ಎಳೆಯುತ್ತಿಲ್ಲ" ಅಂತ ಮಾತ್ರ ಹೇಳಬೇಡಿ. ಪೈಪ್ ಕಳಚಿ, ಫಿಲ್ಟರ್ ತೆಗೆದು, ಯಂತ್ರದ ಬಾಯಿಗೆ ಕೈ ಇಟ್ಟು ನೋಡಿದೆ, ಅಲ್ಲೂ ಎಳೆತ ಇಲ್ಲ, ಕೈ ಇಟ್ಟಾಗ ಶಬ್ದ ಏರುವುದಿಲ್ಲ, ನೇರ ಪ್ಲಗ್ಗಿಗೆ ಹಾಕಿದರೂ ಹೀಗೇ, ಅಂತ ಬಿಡಿಸಿ ಹೇಳಿ. ಪೈಪು, ಬ್ರಷ್ ಎಲ್ಲ ಜೊತೆಗೇ ಒಯ್ಯಿರಿ. ಸರಿಮಾಡಿ ಕೊಟ್ಟ ಮೇಲೆ ಅಲ್ಲೇ ಅಂಗೈ ಇಟ್ಟು ನೋಡಿ ಮನೆಗೆ ತನ್ನಿ.